ಕೇಳಿಸದೆ ಹೋದ ಟ್ರೆಬಲ್

ಪಿರಿಯಾಪಟ್ಟಣದ ಕಲ್ಯಾಣ ಮಂಟಪವೊಂದರಲ್ಲಿ ಮಧ್ಯಾಹ್ನದ ಆರತಕ್ಷತೆ. ಹುಣಸೂರಿನ ಆರ್ಕೆಸ್ಟ್ರಾದಲ್ಲಿ ಹನ್ನೊಂದು ವರ್ಷದಿಂದ ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಪವಿತ್ರಾ ಎರಡನೇ ಹಾಡಿನ ನಡುವೆ ಇದ್ದಾಗ, ತಂಡದ ಮಾಲೀಕ ಶಂಕರ್ ತನ್ನ ಕೀಬೋರ್ಡ್ ಬಿಟ್ಟು ಓಡಿಬಂದ.

"ಟ್ರೆಬಲ್ ಇಳ್ಸವ್ವಾ! ಮುಂದಿನ ಸಾಲ್ನೋರು ಎದ್ದೋಯ್ತಾವ್ರೆ!"

ಅವಳು ಆಂಪ್ಲಿಫೈಯರ್ ಕಡೆ ಬಗ್ಗಿ ನೋಡಿದಳು. ಬೇಸ್, ಮಿಡ್ ಗುಂಡಿಗಳು ಎಂದಿನಂತೆ ಐದರಲ್ಲಿದ್ದವು. ತೀಕ್ಷ್ಣ ಸ್ವರಗಳನ್ನು ಏರಿಸಿಳಿಸುವ ಟ್ರೆಬಲ್ ಒಂಬತ್ತರಲ್ಲಿತ್ತು. ಏರಿಸಿದವಳು ತಾನೇ. ಕೆಲವು ತಿಂಗಳಿಂದ ತಂತಿಯ ಸ್ವರ ಕಂಬಳಿಯೊಳಗಿಂದ ಬಂದಂತೆ ಮಂಕಾಗಿ ಕೇಳಿಸುತ್ತಿತ್ತು.

ಆಂಪೇ ಕೆಟ್ಟಿರಬೇಕೆಂದು ಮರುದಿನ ಅದನ್ನು ಬಸ್ಸಿಗೆ ಹಾಕಿಕೊಂಡು ಕೆ.ಆರ್. ನಗರಕ್ಕೆ, ರಿಪೇರಿ ಮಾಡುವ ನಟರಾಜುವಿನ ಅಂಗಡಿಗೆ ಹೋದಳು. ಅವನು ಅವಳ ಕೈಲೇ ಗಿಟಾರ್ ನುಡಿಸಲು ಹೇಳಿ ಒಂದೊಂದೇ ಗುಂಡಿ ತಿರುಗಿಸಿದ. ಬೇಸ್ ಏರಿಸಿದಾಗ ಮೇಜು ಗುಂಯ್‌ಗುಟ್ಟಿತು. ಮಿಡ್ ಏರಿಸಿದಾಗ ಸ್ವರ ಹತ್ತಿರ ಬಂದಂತಾಯಿತು. ಆಮೇಲೆ ಟ್ರೆಬಲ್. ತಿರುಗಿಸುತ್ತ ತಿರುಗಿಸುತ್ತ ಅವನು ಮುಖ ಹಿಂಡಿ ತಲೆ ಹಿಂದಕ್ಕೆಳೆದುಕೊಂಡ.

"ಏರ್ಸಿದ್ರಾ?" ಎಂದಳು ಪವಿತ್ರಾ.

"ಹತ್ತರಲ್ಲೈತೆ ಕಣಮ್ಮ! ಹಲ್ಲೆಲ್ಲ ಜುಂ ಅಂತಾವೆ. ಆಂಪು ಸರಿಯಾಗೇ ಐತೆ."

ಅವಳು ಗಿಟಾರ್ ವಯರ್ ಕಿತ್ತು ಸುತ್ತಿಕೊಂಡಳು. "ಅಂಗಾದ್ರೆ ವಯರ್‌ದೇ ಇರ್ಬೇಕು ಬುಡಿ" ಎಂದು ಹೊರಟುಬಿಟ್ಟಳು.

ಗುರುಪುರದ ಮನೆಯ ಅಂಗಳದಲ್ಲಿ ಅವ್ವ ಪುಟ್ಟಸಿದ್ದಮ್ಮ ಹುರುಳಿ ಕೇರುತ್ತಿದ್ದಳು. "ಈ ಜೀರುಂಡೆ ಕಾಟ ನೋಡು, ಬೆಳಗಿಂದ ಒಂದೇ ಸಮ ಕಿರ್ರೋ ಅಂತಾವೆ" ಎಂದಳು.

ಪವಿತ್ರಾ ಉಸಿರು ಬಿಗಿಹಿಡಿದು ಹೊಂಗೆ ಮರದತ್ತ ಕಿವಿಯಿಟ್ಟಳು. ಕೋಳಿ ಕೇಳಿಸಿತು. ದೂರದ ಟ್ರ್ಯಾಕ್ಟರ್ ಕೇಳಿಸಿತು. ಜೀರುಂಡೆಯ ಸದ್ದು ಮಾತ್ರ ಇರಲಿಲ್ಲ.

"ಯಾಕವ್ವಾ, ಅಂಗ್ಯಾಕ್ ನಿಂತ್ಕಂಡೆ?"

ಅವಳು ಆಂಪ್ ಎತ್ತಿಕೊಂಡು ಒಳಗೆ ನಡೆದಳು. ಹತ್ತು ದಿನ ಯಾರಿಗೂ ಹೇಳದೆ, ಎರಡು ಕಾರ್ಯಕ್ರಮಕ್ಕೆ ಸುಳ್ಳು ಜ್ವರ ಹೇಳಿ ಮನೆಯಲ್ಲೇ ಉಳಿದಳು. ಹನ್ನೊಂದನೇ ದಿನ ಒಬ್ಬಳೇ ಮೈಸೂರಿಗೆ ಹೋಗಿ ಕಿವಿ ಪರೀಕ್ಷೆಗೆ ಕುಳಿತಳು.

ಗಾಜಿನ ಕಿಟಕಿಯ ಪುಟ್ಟ ಕೋಣೆ. ತಲೆಗೆ ಹೆಡ್‌ಫೋನ್. ಶಬ್ದ ಕೇಳಿದಾಗಲೆಲ್ಲ ಬಟನ್ ಒತ್ತಬೇಕು. ದಪ್ಪ ಸ್ವರಗಳೆಲ್ಲ ಕೇಳಿದವು. ಸ್ವರ ಮೇಲೇರುತ್ತ ಹೋದಂತೆ ಏನೂ ಇಲ್ಲ. ಗಾಜಿನಾಚೆ ಪರೀಕ್ಷಕಿಯ ಬೆರಳು ಆಡುವುದು ಕಾಣುತ್ತಿತ್ತು. ಅದು ಆಡಿದಾಗೆಲ್ಲ ಪವಿತ್ರಾ ಬಟನ್ ಒತ್ತಿದಳು. ಐದನೇ ಸಲಕ್ಕೆ ಆ ಹೆಂಗಸು ಎದ್ದು ಬಂದು ಪರದೆ ಎಳೆದಳು. ಆಮೇಲೆ ಪವಿತ್ರಾಳಿಗೆ ಕೇಳಿಸಿದ್ದು ತನ್ನ ಎದೆಬಡಿತ ಮಾತ್ರ. ಬಟನ್ ಮೇಲಿನ ಹೆಬ್ಬೆರಳು ಒತ್ತಲೇ ಇಲ್ಲ.

"ಡ್ರಮ್ಸ್ ಪಕ್ಕ ನಿಂತೂ ನಿಂತೂ ಆಗಿರೋದು ಇದು" ಎಂದಳು, ಆರ್ಕೆಸ್ಟ್ರಾದಲ್ಲಿ ಅವಳು ನಿಲ್ಲುವ ಜಾಗ ಕೇಳಿ ತಿಳಿದ ಪರೀಕ್ಷಕಿ. "ಹೋಗಿರೋದು ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸ್ಕೊಳ್ಳಿ. ನುಡಿಸೋವಾಗ ಕಿವಿಗೆ ಪ್ಲಗ್ ಹಾಕ್ಕೊಳ್ಳಿ, ಡ್ರಮ್ಸ್‌ನಿಂದ ದೂರ ಇರಿ."

ಸಂಜೆ ಹುಣಸೂರಿಗೆ ಬಂದು ನೇರವಾಗಿ ಶಂಕರ್ ಮುಂದೆ ನಿಂತಳು. "ಶಂಕ್ರಣ್ಣ, ನಂಗೆ ಟ್ರೆಬಲ್ಲೇ ಕೇಳಾಕಿಲ್ಲ. ಬ್ಯಾರೆಯವ್ರನ್ನ ಕರ್ಕಳದಾದ್ರೆ ಈಗ್ಲೇ ಹೇಳ್ಬುಡಿ."

ಅವನು ಬೈಯುತ್ತಾನೆಂದುಕೊಂಡಿದ್ದಳು. ಅವನು ಕುರ್ಚಿಯಲ್ಲಿ ಕುಸಿದು ಕುಳಿತ.

"ಹೆಂಗ್ ಶುರುವಾಯ್ತು?"

"ಗೊತ್ತೇ ಆಗ್ನಿಲ್ಲ ಕಣಣ್ಣ."

ಶಂಕರ್ ತನ್ನ ಎಡಗಿವಿಯನ್ನು ಮುಟ್ಟಿಕೊಂಡ. ದನಿ ಇಳಿದಿತ್ತು. "ನಂಗೂ ಒಂದ್ ವರ್ಸದಿಂದ ಈ ಕಿವೀಲಿ ಗುಂಯ್ ಅಂತೈತೆ. ಯಾರ್ಗೂ ಹೇಳಿಲ್ಲ."

ಹಂಪಾಪುರದ ಮುಂದಿನ ಕಾರ್ಯಕ್ರಮದಲ್ಲಿ ಗಾಯಕಿ ಬೃಂದಾ ಚಪ್ಪರದ ಕೊನೆಗೆ ಹೋಗಿ ನಿಂತು ಕೇಳಿ, ಟ್ರೆಬಲ್ ಅನ್ನು ನಾಲ್ಕಕ್ಕೆ ಇಡಿಸಿದಳು. ಕಿವಿಗೆ ಪ್ಲಗ್ ಹಾಕಿ ಡ್ರಮ್ಸ್‌ನಿಂದ ದೂರ ನಿಂತ ಪವಿತ್ರಾಳ ಕೈ ಮತ್ತೆ ಮತ್ತೆ ಗುಂಡಿಯತ್ತ ಹೋಗುತ್ತಿತ್ತು. ಹಿಂದಕ್ಕೆಳೆದುಕೊಂಡಳು. ತನ್ನ ಗಿಟಾರ್ ಜನರಿಗೆ ಹೇಗೆ ಕೇಳುತ್ತಿದೆಯೋ ತಿಳಿಯದೆ, ಮೂರು ಗಂಟೆ ಹೆದರಿಕೊಂಡೇ ನುಡಿಸಿದಳು. ಒಂದು ಸ್ವರವೂ ತಪ್ಪಲಿಲ್ಲ.

ಸೋಮವಾರ ಕಿವಿ ಪರೀಕ್ಷೆಗೆ ಹೊರಟ ಶಂಕರ್ ಜೊತೆ ಅವಳೂ ಮೈಸೂರಿಗೆ ಹೋದಳು. ಒಳಗೆ ಕರೆದಾಗ ಅವನು ಬಾಗಿಲಲ್ಲಿ ನಿಂತು ಅವಳತ್ತ ತಿರುಗಿದ.

"ಎಲ್ಲೂ ಓಗ್ಬ್ಯಾಡ ಕಣವ್ವಾ" ಎಂದ.

ಅವಳು ಬಾಗಿಲ ಪಕ್ಕದ ಬೆಂಚಿನಲ್ಲಿ ಕುಳಿತಳು.