ಸುಣ್ಣದ ಶಿಲುಬೆ

ತೊಂಬತ್ತೈದರ ಚಳಿಗಾಲ. ಆ ದಿನ ಬೆಳಗ್ಗೆ ಮಹಾನಗರದ ಅಂಚಿನ ತುರ್ಭೆಯ ಮೇಲೆ ಮಂಜು ಬಿದ್ದಿತ್ತು. ಕಲ್ಲುಕ್ವಾರಿಯ ಧೂಳು ಅದರೊಳಗೆ ಸೇರಿ ಗುಡ್ಡ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಗುಡಿಸಲು ಕೆಡವಲು ಬಂದ ಬುಲ್ಡೋಜರಿನ ಸದ್ದು ಮಾತ್ರ ಹತ್ತಿರ ಹತ್ತಿರ ಬರುತ್ತಿತ್ತು.

ಮರೆಮ್ಮನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಸೊಸೆ ಹಸಿ ಬಾಣಂತಿ. ರಾಯಚೂರಿನಿಂದ ಕಲ್ಲು ಒಡೆಯಲು ಬಂದವರ ಆ ಸಾಲಿನಲ್ಲಿ ಭಾನುವಾರದ ಪ್ರಾರ್ಥನೆ ನಡೆಯುತ್ತಿದ್ದದ್ದು ಮರೆಮ್ಮನ ಗುಡಿಸಲಲ್ಲಿ. ಬಾಗಿಲ ಮೇಲೆ ಸುಣ್ಣದ ಶಿಲುಬೆಯಿತ್ತು. ದೇವರ ಮನೆ ಕೆಡವುವುದಿಲ್ಲವಂತೆ ಎಂಬ ಸುದ್ದಿ ಹಬ್ಬಿದ್ದೇ ತಡ, ಎಲ್ಲಮ್ಮನಿಗೆ ನಡೆದುಕೊಳ್ಳುವವರೂ ತಂತಮ್ಮ ಬಾಗಿಲಿಗೆ ಶಿಲುಬೆ ಬರೆದುಕೊಂಡಿದ್ದರು.

ನಗರಪಾಲಿಕೆಯ ಸಾಹೇಬ ಜೀಪಿನಿಂದ ಇಳಿದು ನಕ್ಕ. ಇಲ್ಲಿ ಜನಕ್ಕಿಂತ ದೇವರೇ ಜಾಸ್ತಿ ಎಂದು ಹಿಂದಿಯಲ್ಲಿ ಹಂಗಿಸಿದ. ಭಾನುವಾರದ ಪ್ರಾರ್ಥನೆ ನಡೆಸುತ್ತಿದ್ದ, ಪಕ್ಕದ ನೆರೂಳದಿಂದ ಓಡಿ ಬಂದಿದ್ದ ಪಾಸ್ಟರ್ ಸುಜನ್ ಅವರಿಗೆ, ನಿಜವಾದ ಚರ್ಚ್ ತೋರಿಸಿ, ಅದೊಂದನ್ನು ಬಿಡುತ್ತೇನೆ ಎಂದ.

"ಎಲ್ಲವೂ," ಎಂದರು ಸುಜನ್. "ಇವರಿದ್ದಲ್ಲಿ ಕ್ರಿಸ್ತನಿದ್ದಾನೆ." ಪೊಲೀಸನೊಬ್ಬನ ಲಾಠಿ ಅವರ ಎದೆಗೆ ತಾಗಿ ನಿಂತಿತು. ತೋರಿಸದಿದ್ದರೆ ಒಂದೂ ಉಳಿಯದು ಎಂದ ಸಾಹೇಬ. ಸುಜನ್ ತಲೆ ತಗ್ಗಿಸಿ ಮರೆಮ್ಮನ ಗುಡಿಸಲಿನತ್ತ ಕೈ ಮಾಡಿದರು.

ಚರ್ಚ್ ಅಂದಮೇಲೆ ಸಂಸಾರ ಇರಕೂಡದು, ಖಾಲಿ ಮಾಡಿ ಬೀಗ ಹಾಕಿ, ಕೀಲಿ ಪಾಸ್ಟರ ಕೈಗೆ ಕೊಡಿ ಎಂದು ಸಾಹೇಬನ ಅಪ್ಪಣೆಯಾಯಿತು. ಬಾಣಂತಿ ಕೂಸನ್ನೆತ್ತಿಕೊಂಡು ಹೊರಬಂದಳು. ಕೀಲಿ ಕೊಡುವಾಗ ಮರೆಮ್ಮ ಮೆಲ್ಲಗೆ ಕೇಳಿದಳು: "ಅಯ್ಯನೋರೆ, ನನ್ ಮನಿ ಉಳೀತೋ, ಹೋತೋ?"

ಸುಜನ್ ಕೀಲಿಯನ್ನು ಜೇಬಿಗಿಳಿಸಿದರು. ಉಳಿದ ಗುಡಿಸಲುಗಳು ನೆಲಕ್ಕೆ ಬಿದ್ದವು.

ಬುಲ್ಡೋಜರ್, ಜೀಪು ಹೋದಮೇಲೆ ನೆರೂಳದ ಚರ್ಚ್ ಸಭೆಯ ಹಿರಿಯರೊಬ್ಬರು ಸ್ಕೂಟರಿನಲ್ಲಿ ಬಂದರು. ಬೀಗ ಕಂಡು ಅವರ ಮುಖ ಅರಳಿತು.

"ಕೀಲಿ ಬಿಡ್ಬೇಡಿ ಮಾರಾಯ್ರೆ. ಜಾಗ ದೇವರೇ ಕೊಟ್ಟದ್ದು. ಒಂದು ಸಣ್ಣ ಹಾಲ್ ಕಟ್ಟಿಸುವ."

ಹಾಗೆ ಮಾಡದಿದ್ದರೆ ಪಾಸ್ಟರ್ ಬೇರೆ ಊರು ನೋಡಿಕೊಳ್ಳಬೇಕಾದೀತು ಎಂಬುದನ್ನೂ ಅವರು ನಯವಾಗಿಯೇ ತಿಳಿಸಿದರು.

ಮರೆಮ್ಮ ಎಲ್ಲ ಕೇಳಿಸಿಕೊಂಡಳು. ಬುಲ್ಡೋಜರಿಗೆ ಅಡ್ಡ ಬೀಳಬಹುದಿತ್ತು. ದೇವರ ಹೆಸರು ಹೇಳಿ ನಯವಾಗಿ ಮಾತಾಡುವವರಿಗೆ ಅಡ್ಡ ಬೀಳುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಹಿರಿಯರ ಮಾತು ಇನ್ನೂ ಮುಗಿದಿರಲಿಲ್ಲ. ಸುಜನ್ ಮುರಿದ ತಗಡುಗಳ ನಡುವೆ ಕಾಲಿಡುತ್ತ ಬಂದು ಮರೆಮ್ಮನ ಮುಂದೆ ಕೂತರು. ಅವಳ ಮುಷ್ಟಿ ಬಿಡಿಸಿ ಕೀಲಿಯನ್ನು ಅಂಗೈಯಲ್ಲಿಟ್ಟರು.