‘ತುರ್ತು ಕರೆಗಳು ಮಾತ್ರ’

ಆ ಮನೆಯಲ್ಲಿ ನೆಟ್‌ವರ್ಕ್ ಅನ್ನುವುದು ಬೆಳಗಾದರೆ ಶುರುವಾಗುವ ತಲೆನೋವು. ಮೂರು ಮಹಡಿಯ ಕಟ್ಟಡದ ನೆಲಮಾಳಿಗೆಯಲ್ಲಿ ಅವರ ಸಂಸಾರ. ಮುಂದಿನ ಕೋಣೆಯಲ್ಲಿ ಸೊಸೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಅಲ್ಲೇ ಕಿಟಕಿ ಪಕ್ಕ ಮೇಜು ಹಾಕಿಕೊಂಡು ಮಾವ ಗಡಿಯಾರ ರಿಪೇರಿ ಮಾಡುತ್ತಿದ್ದರು. ಗಂಡ ಬಸ್ ಡ್ರೈವರ್. ಆರು ವರ್ಷದ ಮಗಳನ್ನು ಎಲ್ಲರೂ ‘ಚೂಟಿ’ ಅಂತಲೇ ಕರೆಯುತ್ತಿದ್ದರು. ಚೂಟಿಗೆ ಉಬ್ಬಸ.

ಮಾವನಿಗೆ ಫೋನೆಂದರೆ ಅನುಮಾನ.

“ನೋಡಮ್ಮ, ಇಲ್ಲಿ ನಮ್ಮ ಕಂಪನಿ ಹೆಸರು ಹೋಗಿ ಇನ್ಯಾವುದೋ ಹೆಸರು ಬಂದಿದೆ. ನಮ್ಮನ್ನ ಕೇಳದೆ ಕಂಡವರ ಟವರ್‌ಗೆ ಹೋಗಿ ಅಂಟಿಕೊಳ್ಳುತ್ತಲ್ಲ ಇದು! ನಮ್ಮ ಮಾತೆಲ್ಲ ಅವರ ಕಿವಿಗೆ ಬೀಳಲ್ವಾ?”

“ಅದಕ್ಕೆ ಗೊತ್ತಿರುತ್ತೆ ಬಿಡಿ ಮಾವ.”

“ಏನು ಗೊತ್ತಿರುತ್ತೆ ಮಣ್ಣು!” ಅನ್ನುತ್ತಾ ಅವರು ಕನ್ನಡಕ ಏರಿಸಿಕೊಂಡು ತಮ್ಮದೂ ಸೊಸೆಯದೂ ಎರಡೂ ಫೋನ್‌ಗಳ ಸೆಟ್ಟಿಂಗ್ಸ್ ತೆರೆದರು. ನೆಟ್‌ವರ್ಕನ್ನು ಫೋನ್ ತಾನಾಗಿ ಆರಿಸಿಕೊಳ್ಳುವುದನ್ನು ಆಫ್ ಮಾಡಿ, ತಮ್ಮ ಕಂಪನಿಯ ಹೆಸರೊಂದನ್ನೇ ಒತ್ತಿಟ್ಟರು. “ಇನ್ನು ಎಲ್ಲಿಗೆ ಓಡುತ್ತೋ ನೋಡ್ತೀನಿ.”

ಮರುದಿನ ಮಧ್ಯಾಹ್ನ ಚೂಟಿ ಶಾಲೆಯಿಂದ ಬಂದವಳೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೆಮ್ಮು ನಿಲ್ಲಲಿಲ್ಲ. ನೋಡನೋಡುತ್ತಿದ್ದಂತೆ ಉಸಿರು ಸೀಟಿ ಹೊಡೆಯತೊಡಗಿತು. ಅಮ್ಮ ಹೊಲಿಗೆ ಬಿಟ್ಟು ಓಡಿ ಬಂದು ಇನ್‌ಹೇಲರ್ ಬಾಯಿಗಿಟ್ಟು ಒತ್ತಿದಳು. ಬರೀ ಟಕ್ ಅಂದಿತು. ಮತ್ತೊಮ್ಮೆ ಒತ್ತಿದಳು. ಔಷಧಿ ಮುಗಿದಿತ್ತು.

“ಅಮ್ಮಾ… ಆಗ್ತಿಲ್ಲ…” ಎರಡು ಮಾತು ಆಡುವಷ್ಟರಲ್ಲಿ ಮಗುವಿನ ಭುಜಗಳು ಕಿವಿಯವರೆಗೆ ಏರಿದವು. ತುಟಿಯ ಬಣ್ಣ ತಿರುಗುತ್ತಿತ್ತು.

ಸೊಸೆ ಗಂಡನಿಗೆ ವಾಟ್ಸ್ಆ್ಯಪ್‌ನಲ್ಲಿ ಕರೆ ಮಾಡಿದಳು. ಮೇಲಿನ ಮಹಡಿಯವರ ವೈಫೈಗೆ ಫೋನ್ ಅಂಟಿಕೊಂಡಿತ್ತು. ಅದಕ್ಕೂ ಒಂದೇ ಗೆರೆ ಸಿಗ್ನಲ್. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಅದನ್ನು ಬಿಟ್ಟು ಡಾಕ್ಟರಿಗೆ ಮಾಮೂಲಿ ಕರೆ ಮಾಡಿದಳು. ಹೋಗಲಿಲ್ಲ. ಪರದೆಯ ಮೇಲೆ ‘ತುರ್ತು ಕರೆಗಳು ಮಾತ್ರ’ ಅಂತ ಬಂತು. ಮಾವನ ಫೋನ್‌ನಲ್ಲೂ ಅದೇ. ಫೋನ್ ಸತ್ತೇಹೋಯಿತು ಎಂದುಕೊಂಡಳು. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. “ಯಾರಾದ್ರೂ ಬನ್ರೋ!” ಅಂತ ಕೂಗಿದಳು.

ಕಟ್ಟಡದ ಬಾಗಿಲ ಹತ್ತಿರ ಮೊದಲನೇ ಮಹಡಿಯ ಹೆಂಗಸು ಬೂಟು ಬಿಚ್ಚುತ್ತಿದ್ದಳು. ಮೊಬೈಲ್ ಟವರ್ ಹತ್ತಿ ದುರಸ್ತಿ ಮಾಡುವುದು ಅವಳ ಕೆಲಸ. ಹಾಗಾಗಿ ಎಲ್ಲರಿಗೂ ಅವಳು ‘ಟವರಕ್ಕ’.

“ಫೋನ್ ಹೋಗ್ತಿಲ್ಲ ಅಕ್ಕಾ! ಬರೀ ತುರ್ತು ಕರೆ ಅಂತ ಬರ್ತಿದೆ!”

“ಅಯ್ಯೋ, ತುರ್ತು ಕರೆ ಹೋಗುತ್ತೆ ಅಂತಾನೇ ಕಣೇ ಅದರರ್ಥ! ಒಂದು ಒಂದು ಎರಡು ಒತ್ತು!”

ಸೊಸೆಯ ಬೆರಳು ನಡುಗಿ ಎರಡು ಸಲ ತಪ್ಪಿತು. ಟವರಕ್ಕನೇ ಫೋನ್ ಕಿತ್ತುಕೊಂಡು ಒತ್ತಿದಳು. ಎರಡನೇ ರಿಂಗ್‌ಗೆ ಆ ಕಡೆಯಿಂದ ಮನುಷ್ಯರ ದನಿ ಬಂತು.

ಆಂಬುಲೆನ್ಸ್ ಬರಲು ಹಿಡಿದದ್ದು ಒಂಬತ್ತು ನಿಮಿಷ. ಅಷ್ಟೂ ಹೊತ್ತು ಸೊಸೆ ಮಗುವನ್ನು ನೆಟ್ಟಗೆ ಕೂರಿಸಿ, ಬೆನ್ನಿಗೆ ಕೈಯಿಟ್ಟು, ಮುಂದಿನ ಉಸಿರು ಬರುತ್ತೋ ಇಲ್ಲವೋ ಅಂತ ಕಾದಳು. ಒಂದು ಬಂದ ಮೇಲೆ ಇನ್ನೊಂದಕ್ಕೆ ಕಾದಳು. ಮಾವ ಗೋಡೆ ಹಿಡಿದು ನಿಂತಿದ್ದರು.

ಆಸ್ಪತ್ರೆಯಲ್ಲಿ ಚೂಟಿಯ ಮುಖಕ್ಕೆ ಔಷಧಿಯ ಆವಿ ಬರುವ ಮಾಸ್ಕ್ ಕಟ್ಟಿದರು. ಸುಮಾರು ಹೊತ್ತಾದ ಮೇಲೆ ಭುಜ ಇಳಿಯಿತು. ಆಗ ಮಾವ ಮೆಲ್ಲಗೆ ಬಾಯಿಬಿಟ್ಟರು.

“ನಾನೇ ಅಲ್ವೇನಮ್ಮ, ಫೋನ್ ಕಟ್ಟಿಹಾಕಿದ್ದು?”

ಜೊತೆಗೆ ಆಸ್ಪತ್ರೆಗೆ ಬಂದಿದ್ದ ಟವರಕ್ಕ ಅವರ ಪಕ್ಕ ಕೂತಳು. “ಫೋನ್ ಸುಮ್ನಿರಲ್ಲ ಯಜಮಾನ್ರೇ. ಸುತ್ತಮುತ್ತಲ ಟವರ್‌ಗಳಲ್ಲಿ ಯಾವುದರ ಸಿಗ್ನಲ್ ಜೋರಾಗಿದೆ ಅಂತ ಆಗಾಗ ನೋಡ್ತಾನೇ ಇರುತ್ತೆ. ನೀವು ಬಸ್ಸಲ್ಲಿ ಕೂತು ಹೋಗ್ತಾ ಒಂದು ಟವರ್ ಹಿಂದೆ ಬಿದ್ರೆ ಮುಂದಿಂದು ಹಿಡ್ಕೊಳ್ಳುತ್ತೆ, ಮಾತು ಕೂಡ ನಿಲ್ಲಲ್ಲ. ಇವತ್ತು ನಿಮ್ಮ ಕಂಪನಿ ಟವರ್‌ಗೆ ಕರೆಂಟ್ ಇರಲಿಲ್ಲ, ನಾನು ಅಲ್ಲಿಂದಲೇ ಬಂದೆ. ಬಿಟ್ಟಿದ್ರೆ ಇನ್ನೊಂದು ಕಂಪನಿ ಟವರ್‌ಗೆ ಹೋಗ್ತಿತ್ತು, ಡಾಕ್ಟರಿಗೂ ಕರೆ ಹೋಗ್ತಿತ್ತು.”

“ಅವರು ನಮ್ಮ ಮಾತು ಕದ್ದು ಕೇಳಿದ್ರೆ?”

“ಹಾಗೆ ಕೇಳೋ ಹಾಗಿಲ್ಲ, ನಿಮ್ಮ ಕಂಪನಿಯೇ ಅವರ ಜೊತೆ ಒಪ್ಪಂದ ಮಾಡ್ಕೊಂಡಿದೆ. ಒಪ್ಪಂದ ಇಲ್ಲದ ಕಂಪನಿ ಆದ್ರೂ ತುರ್ತು ಕರೆ ಮಾತ್ರ ಹಿಡಿದು ಮುಂದಕ್ಕೆ ಕಳಿಸುತ್ತೆ.”

“ಮತ್ತೆ ಆ ವೈಫೈ?” ಸೊಸೆ ಕೇಳಿದಳು.

“ಒಂದೇ ಗೆರೆ ಇದ್ರೂ ಕೆಲವು ಫೋನ್ ವೈಫೈ ಬಿಡಲ್ಲ. ಚಕ್ರ ತಿರುಗ್ತಾನೇ ಇದ್ರೆ ವೈಫೈ ಆಫ್ ಮಾಡು. ಮೊಬೈಲ್ ಡೇಟಾ ಇದ್ರೆ ಅದಕ್ಕೆ ಬರುತ್ತೆ.”

ಮಾವ ಎರಡೂ ಫೋನ್ ತೆಗೆದು, ಟವರಕ್ಕ ತೋರಿಸಿದಂತೆ ತಾನಾಗಿ ಆರಿಸಿಕೊಳ್ಳುವುದನ್ನು ಮತ್ತೆ ಆನ್ ಮಾಡಿದರು.

ಮರುದಿನ ಚೂಟಿ ಮನೆಗೆ ಬಂದಳು. ಅವಳಮ್ಮ ಮಾತ್ರ ಈಗಲೂ ಒಂದು ಸಣ್ಣ ಕೆಮ್ಮು ಕೇಳಿದರೆ ಹೊಲಿಗೆ ನಿಲ್ಲಿಸಿ ಕಿವಿಗೊಡುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನನ್ನು ಈಗಲೇ ಕೈಗೆ ತೆಗೆದುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಆಯ್ಕೆ ತಾನಾಗಿ ಆಗುವಂತಿದೆಯೇ ನೋಡಿ. ತಿಳಿಯದಿದ್ದರೆ ಬಲ್ಲವರನ್ನು ಕೇಳಿ. ‘ತುರ್ತು ಕರೆಗಳು ಮಾತ್ರ’ ಅಂತ ಬಂದರೆ ಎದೆಗೆಡಬೇಡಿ, 112 ಒತ್ತಿ. ಯಾವ ಸಿಗ್ನಲ್ಲೂ ಇಲ್ಲದಿದ್ದರೆ ಬಯಲಿಗೋ ಮಹಡಿಗೋ ಹೋಗಿ ಒತ್ತಿ. ತುರ್ತಿಲ್ಲದಾಗ, ಹೋಗುತ್ತೋ ಇಲ್ಲವೋ ನೋಡೋಣ ಅಂತ ಸುಮ್ಮನೆ 112 ಒತ್ತಬೇಡಿ. ಆ ಹೊತ್ತಿಗೆ ಇನ್ಯಾರದೋ ಮಗು ಉಸಿರಿಗಾಗಿ ಒದ್ದಾಡುತ್ತಿರಬಹುದು. ಈ ಮೂರು ಅಂಕಿಗಳನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ಇವತ್ತೇ ಹೇಳಿಕೊಡಿ. ಕೈ ನಡುಗುವಾಗ ಕಲಿಯಲು ಆಗುವುದಿಲ್ಲ.