ನಡುಗೋಡೆಯ ಹಲಗೆ

ಮಸ್ಕಿಯ ಅಗಸಿ ದಾಟಿ ಒಳಗೆ ಬಂದರೆ ಎಡಗಡೆಗೆ ವಿರೂಪಾಕ್ಷಪ್ಪ ಮತ್ತು ಆದಪ್ಪ ಎಂಬ ಅಣ್ಣತಮ್ಮಂದಿರ ಮನೆ. ಅವರು ಬೇರೆಯಾಗಿ ಮೂರು ವರ್ಷವಾಗಿತ್ತು. ಹೊಲ ಹಂಚಿಕೊಂಡರು, ಎತ್ತು ಹಂಚಿಕೊಂಡರು, ಯಾರೂ ದನಿ ಏರಿಸಲಿಲ್ಲ. ಅಡಿಗೆಮನೆ ಹಂಚುವ ದಿನ ಮಾತ್ರ ಇಬ್ಬರ ಹೆಂಡಂದಿರೂ ಆಡಬಾರದ್ದನ್ನೆಲ್ಲ ಆಡಿದರು. ಆ ಸಿಟ್ಟಿನಲ್ಲೇ ಎರಡು ದಿನಕ್ಕೆ ಹಸಿ ಇಟ್ಟಿಗೆಯ ಗೋಡೆಯೊಂದು ಅಡಿಗೆಮನೆಯ ನಟ್ಟನಡುವೆ ಎದ್ದು ನಿಂತಿತು. ಸಿಟ್ಟಿನಲ್ಲಿ ಕಟ್ಟಿದ್ದಲ್ಲವೇ, ದಪ್ಪ ಮಾಡುವಷ್ಟು ತಾಳ್ಮೆ ಯಾರಿಗಿರುತ್ತದೆ? ಗೋಡೆಯ ದಪ್ಪ ಒಂದೇ ಗೇಣು.

ಹಳೆಯ ಕಲ್ಲುಗೋಡೆ ಅಣ್ಣನ ಪಾಲಿಗೆ ಹೋಯಿತು. ಅದರಲ್ಲಿದ್ದ ಐದು ಗೂಡುಗಳೂ ಅದರ ಸಂಗಡವೇ ಹೋದವು. ಸಾಸಿವೆ, ಜೀರಿಗೆ, ಮೆಂತ್ಯ, ಇಂಗು ಎಲ್ಲ ತಲೆಮಾರುಗಳಿಂದ ಆ ಗೂಡುಗಳಲ್ಲೇ ಇದ್ದವು. ತಮ್ಮನ ಹೆಂಡತಿ ಸೂಗಮ್ಮನಿಗೆ ಸಿಕ್ಕಿದ್ದು ನೆಲ ಮಾತ್ರ. ಅವಳು ಏಳು ಗಡಿಗೆಗಳನ್ನು ಒಂದರ ಮೇಲೊಂದು ಇಟ್ಟು ಮಸಾಲೆ ಸಾಮಾನು ತುಂಬಿದಳು. ಒಗ್ಗರಣೆಗೆ ಎಣ್ಣೆ ಕಾಯಲು ಇಟ್ಟ ಮೇಲೆ ಸಾಸಿವೆ ತಳದ ಗಡಿಗೆಯಲ್ಲಿದೆ ಎಂಬುದು ನೆನಪಾಗುತ್ತಿತ್ತು. ಮೇಲಿನ ಆರು ಇಳಿಸುವಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ಹೀಗಾಗಿ ಆದಪ್ಪ ಮೂರು ವರ್ಷ ಸುಟ್ಟ ಒಗ್ಗರಣೆ ತಿಂದ. ಅವನೇನೂ ಅನ್ನಲಿಲ್ಲ, ಏಕೆಂದರೆ ಅವನು ಯಾವುದಕ್ಕೂ ಏನೂ ಅನ್ನುವವನಲ್ಲ. ಬೆಳಗ್ಗೆ "ಹೊಲಕ್ಕ ಹೊಂಟೆ", ಸಂಜೆಗೆ "ನೀರು ಕೊಡು". ಇಷ್ಟಾದರೆ ಅವನ ದಿನದ ಮಾತು ಮುಗಿಯಿತು.

ಸೂಗಮ್ಮನಾದರೋ ಪಾಮನಕಲ್ಲೂರಿನ ಮನೆತನದವಳು. ಅಲ್ಲಿ ಹನ್ನೊಂದು ಜನ ಹೆಂಗಸರು ಒಂದೇ ಸಲಕ್ಕೆ ಮಾತಾಡಿದರೂ ಒಬ್ಬರಿಗೊಬ್ಬರ ಮಾತು ತಿಳಿಯುತ್ತಿತ್ತು. ಅಂಥವಳಿಗೆ ಇಲ್ಲಿ ಮಾತಿಗೆ ಸಿಗಬಹುದಾದ ಜೀವ ಒಂದೇ, ಅತ್ತೆ ಮುದುಕಮ್ಮ. ಯುಗಾದಿಯಿಂದ ದಸರೆಯವರೆಗೆ ಮುದುಕಮ್ಮ ಕಿರಿಯ ಮಗನ ಮನೆಯಲ್ಲಿ, ದಸರೆಯಿಂದ ಯುಗಾದಿಯವರೆಗೆ ಹಿರಿಯ ಮಗನ ಮನೆಯಲ್ಲಿ ಇರಬೇಕೆಂದು ಹೋದ ವರ್ಷ ಮಾತಾಗಿತ್ತು. ಆದರೆ ಹೋದ ಯುಗಾದಿಗೆ ಗಂಟು ಹೊತ್ತು ಬಂದ ಮುದುಕಮ್ಮ ಒಂಬತ್ತನೆಯ ದಿನಕ್ಕೆ ಗಂಟು ಕಟ್ಟಿಕೊಂಡು ಹಿರಿಯವನ ಕಡೆಗೆ ವಾಪಸು ನಡೆದಿದ್ದಳು.

"ಸಾಸ್ವಿ ಬೇಕಂದ್ರ ಆರು ಗಡಗಿ ಇಳಸಬೇಕು ಈ ಮನ್ಯಾಗ," ಎಂದಷ್ಟೇ ಹೊಸ್ತಿಲಲ್ಲಿ ಹೇಳಿ ಹೋದಳು.

ಅದೇ ಮಾತು ಸೂಗಮ್ಮನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ವರ್ಷವಿಡೀ ಆ ತೆಳ್ಳನೆಯ ಗೋಡೆಯಾಚೆ ಅತ್ತೆಯ ಮಾತು, ನಗು ಕೇಳುತ್ತ ಇವಳು ಈಚೆ ಒಬ್ಬಳೇ ರೊಟ್ಟಿ ಬಡಿದಳು. ಈ ಯುಗಾದಿಗೆ ಬಂದ ಅತ್ತೆ ದಸರೆಯತನಕ ಕದಲಬಾರದು. ಅದಕ್ಕೆ ಗಡಿಗೆಗಳ ಅಡಕಲು ಹೋಗಬೇಕು, ಗೋಡೆಗೆ ಹಲಗೆ ಬರಬೇಕು.

ಹಬ್ಬ ಹತ್ತು ದಿನ ಇರುವಾಗ ಬಡಿಗ ಜಂಗ್ಲಿಸಾಬನಿಗೆ ಹೇಳಿಕಳಿಸಿದಳು. ಜಂಗ್ಲಿಸಾಬ್ ಲಿಂಗಸುಗೂರಿನ ಕಚೇರಿಯೊಂದರಲ್ಲಿ ನಿಜಾಮ ಸರಕಾರದ ಕಾಗದದ ಗಂಟುಗಳನ್ನು ಇಡಲು ಗೋಡೆಗೆ ಹಲಗೆ ಹೊಡೆದು ಬಂದ ಹೊಸತು. ಅದನ್ನು ಬಿಟ್ಟರೆ ಬೇರೆ ಮಾತೇ ಇರಲಿಲ್ಲ ಅವನಿಗೆ.

"ತಂಗಿ, ಅಲ್ಲಿ ಒಂದೊಂದು ಗಂಟು ಒಂದೊಂದು ಮಣ ಭಾರ. ನಾ ಹೊಡದ ಗೂಟ ಅಲಗ್ಯಾಡಿಲ್ಲ. ನಿನ್ನ ಜೀರಗಿ ಸಾಸ್ವಿ ಯಾವ ಲೆಕ್ಕ?"

"ಮಜಬೂತ್ ಇರಬೇಕು ನೋಡು ಕಾಕಾ. ನಮ್ಮತ್ತಿ ಬರಾಕಿ."

"ನಿಮ್ಮತ್ತಿ ಹಲಗಿ ಮ್ಯಾಲ ಕುಂತರೂ ತಡೀತೈತಿ."

ಕಚೇರಿಯ ಕೆಲಸದಲ್ಲಿ ಉಳಿದ ಮೂರು ಗೂಟಗಳನ್ನು ತಂದಿದ್ದ. ಒಂದೊಂದೂ ಒಂದೂವರೆ ಮೊಳ ಉದ್ದ. ಅಲ್ಲಿನ ಗೋಡೆ ಎರಡು ಮೊಳ ದಪ್ಪ. ಮೊಳದಷ್ಟು ಗೋಡೆಯೊಳಗೆ ಹೋದರೆ ಅರ್ಧ ಮೊಳ ಹೊರಗೆ ಉಳಿದು ಹಲಗೆಗೆ ಆಸರೆಯಾಗುತ್ತಿತ್ತು. ಅದೇ ಅಳತೆಯಲ್ಲಿ ಇಲ್ಲಿಯೂ ಬಡಿದ. ಅವನು ನೋಡಿದ್ದು ಹಳೆಯ ಮನೆಯನ್ನು, ಈ ಸಿಟ್ಟಿನ ಗೋಡೆಯನ್ನಲ್ಲ. ನಾಲ್ಕೇ ಏಟಿಗೆ ಗೂಟ ಸರಾಗವಾಗಿ ಒಳಗೆ ಹೋದಾಗ ಜಂಗ್ಲಿಸಾಬ್ ತಲೆದೂಗಿದ.

"ಮಣ್ಣು ಭಾಳ ಚಲೋ ಐತಿ ತಂಗಿ. ಬೆಣ್ಣಿ ಹಂಗ ನುಂಗಾಕತ್ತೈತಿ."

ಮಣ್ಣು ನುಂಗಿದ್ದು ಗೇಣಷ್ಟನ್ನು ಮಾತ್ರ. ಉಳಿದ ಗೇಣು ಆಚೆ ವಿರೂಪಾಕ್ಷಪ್ಪನ ಹೆಂಡತಿ ಅಮರಮ್ಮನ ಅಡಿಗೆಮನೆಯಲ್ಲಿ, ಸರಿಯಾಗಿ ಅವಳ ಒಲೆಯ ಪಕ್ಕದಲ್ಲಿ ಹೊರಬಿತ್ತು. ಅಮರಮ್ಮನೂ ಮುದುಕಮ್ಮನೂ ಆ ದಿನ ಸಿಂಧನೂರಿನ ಸಂತೆಗೆ ಹೋಗಿದ್ದರು. ಕೇಳುವವರು ಯಾರೂ ಇರಲಿಲ್ಲ.

ಸೂಗಮ್ಮ ಗೂಟಗಳ ಮೇಲೆ ಉದ್ದನೆಯ ಹಲಗೆ ಕೂರಿಸಿ, ಸಣ್ಣ ಕುಡಿಕೆಗಳನ್ನು ಸಾಲಾಗಿ ಇಟ್ಟಳು. ಪ್ರತಿ ಕುಡಿಕೆಯ ಬಾಯಿಗೆ ಒಂದೊಂದು ಬಣ್ಣದ ಅರಿವೆ ಕಟ್ಟಿದಳು. ಅರಿಶಿಣಕ್ಕೆ ಹಳದಿ, ಸಾಸಿವೆಗೆ ಕರಿ, ಮೆಂತ್ಯಕ್ಕೆ ತನ್ನ ಹರಿದ ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡು. ಹಲಗೆ ಸ್ವಲ್ಪ ಮುಂದಕ್ಕೆ ಬಾಗಿದಂತೆ ಕಂಡಿತು. ಮಣ್ಣು ಇನ್ನೂ ಕೂತಿಲ್ಲ, ಕೂತರೆ ಸರಿಯಾಗುತ್ತದೆ ಎಂದುಕೊಂಡಳು.

ಮರುದಿನ ಗೋಡೆಯಾಚೆ ಅಮರಮ್ಮನ ದನಿ ಎದ್ದಿತು. ಈ ಇಬ್ಬರು ನೆಗೆಣ್ಣಿಯರೂ ಮೂರು ವರ್ಷದಿಂದ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ. ಹಾಗೆಂದು ಸುಮ್ಮನಿದ್ದರು ಎಂದಲ್ಲ. ಅಮರಮ್ಮ ಹೇಳಬೇಕಾದ್ದನ್ನು ತನ್ನ ಬೆಕ್ಕಿಗೆ ಹೇಳುತ್ತಿದ್ದಳು, ಸೂಗಮ್ಮ ತನ್ನ ಒರಳುಕಲ್ಲಿಗೆ. ಇಬ್ಬರೂ ಗೋಡೆಯ ಹತ್ತಿರವೇ ನಿಂತು ಹೇಳುತ್ತಿದ್ದರು.

"ನೋಡಿದೇನ ಬೆಕ್ಕೇ," ಎಂದಳು ಅಮರಮ್ಮ, "ಮನಿಗೆ ಕೋಡು ಮೂಡ್ಯಾವ. ಒಂದಲ್ಲ, ಮೂರು. ನಮ್ಮ ಒಲಿ ತಿವ್ಯಾಕ ಬಂದಾವ."

ಗೂಟ ಆಚೆ ಹೊರಬಿದ್ದದ್ದು ಸೂಗಮ್ಮನಿಗೆ ಆಗ ತಿಳಿಯಿತು. ಆದರೂ ಒರಳಿಗೆ ಹೇಳಿದಳು: "ಒರಳೇ, ಐದು ಗೂಡು ನುಂಗಿದವರಿಗೆ ಮೂರು ಗೂಟ ಕಣ್ಣಾಗ ಚುಚ್ಚಿದ್ವಂತ."

ಅಮರಮ್ಮ ಸಿಟ್ಟಿನವಳಾದರೂ ಪುಕ್ಕಟೆ ಸಿಕ್ಕಿದ್ದನ್ನು ಬಿಡುವವಳಲ್ಲ. ಮೂರು ಗೂಟಗಳಿಗೂ ಮೂರು ಹಗ್ಗದ ನೆಲುವು ಕಟ್ಟಿ, ಒಂದರಲ್ಲಿ ಎಣ್ಣೆಯ ಗಡಿಗೆ, ಒಂದರಲ್ಲಿ ಬೆಣ್ಣೆ, ಇನ್ನೊಂದರಲ್ಲಿ ಬೆಲ್ಲ ಇಳಿಬಿಟ್ಟಳು. ಆಚೆ ಭಾರ ಬಿದ್ದ ಕೂಡಲೇ ಈಚೆ ಬಾಗಿದ್ದ ಹಲಗೆ ತಾನಾಗಿ ಮೇಲೆದ್ದು ಸಮನಾಯಿತು.

"ಮಣ್ಣು ಕುಂತಿತು," ಎಂದು ಸೂಗಮ್ಮ ಖುಷಿಪಟ್ಟಳು. ಆದಪ್ಪ ನೋಡಿ "ಹೂಂ" ಎಂದ.

ಯುಗಾದಿಯ ದಿನ ಮುದುಕಮ್ಮ ಗಂಟು ಹೊತ್ತು ಬಂದಳು. ಗಂಟು ಬಿಚ್ಚದೆ ನೇರ ಹಲಗೆಯ ಮುಂದೆ ನಿಂತಳು. ಒಂದು ಕುಡಿಕೆಯ ಅರಿವೆ ಸರಿಸಿ ಮೂಸಿದಳು, ಇನ್ನೊಂದರೊಳಗೆ ಬೆರಳಾಡಿಸಿದಳು.

"ಇದನ್ನ ಯಾರು ಕಲಿಸಿದ್ರು ನಿಂಗ?"

"ನಾನೇ ಅತ್ತಿ. ನಿಂಗ ಬಗ್ಗೂದು ಬ್ಯಾಡ ಅಂತ."

"ನನ್ನ ನಡ ಇನ್ನಾ ಗಟ್ಟಿ ಐತಿ," ಎಂದು ಮುದುಕಮ್ಮ ಗಂಟು ಬಿಚ್ಚಿದಳು.

ಎಂಟು ದಿನ ಸುಖವಾಗಿ ಹೋದವು. ಓಣಿಯ ಹೆಂಗಸರು ಹಲಗೆ ನೋಡಲು ಬರುವರು, ಸೂಗಮ್ಮ ಬಾಗಿಲಲ್ಲಿ ನಿಂತು ಅದರ ಕಥೆ ಹೇಳುವಳು, ಅಷ್ಟರಲ್ಲಿ ಒಳಗೆ ಮುದುಕಮ್ಮ ಪಲ್ಯಕ್ಕೆ ಒಗ್ಗರಣೆ ಹಾಕಿ ಮುಗಿಸುವಳು. ಆದರೆ ದಿನ ಕಳೆದಂತೆ ಸೂಗಮ್ಮನಿಗೆ ಒಂಬತ್ತನೆಯ ದಿನದ ಭಯ. ಅದಕ್ಕೆ ಸರಿಯಾಗಿ ಅಮರಮ್ಮ ಬೆಕ್ಕಿನ ಸಂಗಡ ಶುರುಮಾಡಿದ್ದಳು.

"ಏನ್ ಮಾಡ್ಲೇ ಬೆಕ್ಕೇ, ವರ್ಷದ ಮಸಾಲಿ ಖಾರ ಕುಟ್ಟೂ ಹೊತ್ತು ಬಂತು. ಹವೀಜ ಎಷ್ಟು, ಲವಂಗ ಎಷ್ಟು, ನನಗೆಲ್ಲಿ ತಿಳೀತೈತಿ? ಈ ವರ್ಷ ಸಪ್ಪಂದು ಉಣ್ಣೂನು ಬಿಡು."

ಮುದುಕಮ್ಮನ ಕಿವಿ ಗೋಡೆಯ ಕಡೆಗೆ ಹೊರಳಿದ್ದನ್ನು ಸೂಗಮ್ಮ ಕಂಡಳು. ಒಂಬತ್ತನೆಯ ದಿನ ಬೆಳಗ್ಗೆ ಮುದುಕಮ್ಮ ತನ್ನ ಸೀರೆಗಳನ್ನು ಮಡಚುತ್ತಿರುವುದನ್ನೂ ಕಂಡಳು.

"ಅತ್ತಿ, ಇವತ್ತ ನಮ್ಮ ಖಾರ ಕುಟ್ಟೂನು," ಎಂದಳು ಗಾಬರಿಯಿಂದ. ಅತ್ತೆಯನ್ನು ಹಿಡಿದಿಡಲು ಅವಳಿಗೆ ತೋಚಿದ್ದು ಅಷ್ಟೇ.

ಮುದುಕಮ್ಮ ಸೀರೆ ಬಿಟ್ಟು ಒನಕೆ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಮೆಣಸಿನಕಾಯಿಯ ಘಾಟು ಎರಡೂ ಮನೆಗಳನ್ನು ತುಂಬಿತು. ಖಾರ ಎರಡು ದೊಡ್ಡ ಜಾಡಿಗಳಿಗೆ ಬಂತು. ಸೂಗಮ್ಮ ಎರಡನ್ನೂ ಎತ್ತಿ ಹಲಗೆಯ ಮೇಲಿಟ್ಟು, ಓಣಿಯವರನ್ನು ಮತ್ತೆ ಕರೆಯಬೇಕು ಎಂದುಕೊಳ್ಳುತ್ತ ನಿಂತಳು.

ಗೋಡೆಯಾಚೆ ಅಮರಮ್ಮನಿಗೆ ಸೀನಿ ಸೀನಿ ಕಣ್ಣೀರು ಬಂದಿತ್ತು. ತನ್ನನ್ನು ಬಿಟ್ಟು ಖಾರ ಕುಟ್ಟಿದರು ಎಂಬ ಉರಿ ಬೇರೆ. "ಬೆಕ್ಕೇ, ಅವರ ಗೂಟಕ್ಕ ನಮ್ಮ ಗಡಗಿ ಯಾಕ ಜೋತಾಡಬೇಕು?" ಎನ್ನುತ್ತ ಎಣ್ಣೆಯ ಗಡಿಗೆ ಇಳಿಸಿದಳು. ಬೆಣ್ಣೆ ಇಳಿಸಿದಳು. ಬೆಲ್ಲವನ್ನು ಇಳಿಸಿದ್ದೇ ತಡ, ಮೂರು ಗೂಟಗಳೂ ಅವಳ ಕಣ್ಣೆದುರಿಗೇ ಮೆಲ್ಲಗೆ ತಲೆ ಎತ್ತತೊಡಗಿದವು.

ಈಚೆ ಹಲಗೆ ಮುಂದಕ್ಕೆ ವಾಲಿತು. ಕುಡಿಕೆಗಳು ಜಾರಲು ಹೊರಟವು. ಸೂಗಮ್ಮ ಹಾರಿ ಹೋಗಿ ಎರಡೂ ಕೈ ಕೊಟ್ಟಳು, ಸಾಲದ್ದಕ್ಕೆ ತಲೆಯನ್ನೂ ಕೊಟ್ಟಳು. ಖಾರದ ಜಾಡಿಗಳು ಅವಳ ಹಣೆಗೆ ಬಂದು ತಾಗಿ ನಿಂತವು. ಗೋಡೆಯಿಂದ ಮಣ್ಣು ಉದುರಿತು.

"ಅಕ್ಕಾ," ಎಂದು ಕೂಗಿದಳು. ಒರಳು ನೆನಪಾಗಲೇ ಇಲ್ಲ. "ಅಕ್ಕಾ, ಆ ಕಡಿಂದ ಜಗ್ಗು. ವರ್ಷದ ಖಾರ ಹಾಳಾಗ್ತೈತಿ."

ಅಮರಮ್ಮನೂ ಗಾಬರಿಯಾಗಿದ್ದಳು. ಮಧ್ಯದ ಗೂಟಕ್ಕೆ ಎರಡೂ ಕೈಯಿಂದ ಜೋತುಬಿದ್ದಳು. ಹಲಗೆ ನಿಂತಿತು. ಆದರೆ ಈಗ ಇವಳು ಬಿಟ್ಟರೆ ಹಲಗೆ ಬೀಳುತ್ತದೆ, ಅವಳು ಬಿಟ್ಟರೆ ಇವಳ ತಲೆಯ ಮೇಲೆ ಬೀಳುತ್ತದೆ. ಇಬ್ಬರೂ ಗೋಡೆಯ ಎರಡು ಬದಿಗೆ ಸಿಕ್ಕಿಬಿದ್ದರು.

"ಅತ್ತಿ, ಜಾಡಿ ಇಳಸು ಜಲ್ದಿ," ಎಂದಳು ಸೂಗಮ್ಮ.

ಮುದುಕಮ್ಮ ಎಲ್ಲವನ್ನೂ ನೋಡಿದಳು. ನಿಧಾನಕ್ಕೆ ಕೂತು ಎಲೆಅಡಿಕೆ ಚೀಲ ತೆಗೆದಳು.

"ಇಳಸ್ತೀನಿ. ಎಲಿಗೆ ಇನ್ನಾ ಸುಣ್ಣ ಹಚ್ಚಿಲ್ಲ."

"ಅತ್ತಿ, ಕೈ ಸೋತಾವ."

"ಸೋಲಲಿ. ಅಮರಿ, ನೀ ಅದೀಯೇನ ಬೇ ಆ ಕಡೆ?"

"ಎಲ್ಲಿ ಹೋಗ್ಲಿ ಅತ್ತಿ, ಜೋತಬಿದ್ದೀನಿ," ಎಂದಿತು ಗೋಡೆ. "ಬೆಕ್ಕೇ, ನೋಡಿದೇನ ಇವರ ಕೆಲಸ—"

"ಬೆಕ್ಕು ಇಲ್ಲಿ ಕುಂತೈತಿ ಅಕ್ಕ, ಹಾಲು ಸಿಕ್ಕೀತಂತ ಬಂದೈತಿ," ಎಂದಳು ಸೂಗಮ್ಮ. "ಅದಕ್ಕ ಹೇಳಿ ಏನ್ ಮಾಡ್ತಿ, ನಂಗ ಹೇಳು."

ಅಮರಮ್ಮ ಗೂಟವನ್ನು ಇನ್ನೂ ಬಿಗಿಯಾಗಿ ಹಿಡಿದು ಹೇಳಿದಳು: "ಹೇಳ್ತೀನಿ. ನನ್ನ ಬಿಟ್ಟು ಖಾರ ಕುಟ್ಟಿದ್ರಿ. ಹಬ್ಬ ಆದಾಗಿಂದ ಮನ್ಯಾಗ ಒಂದು ದನಿ ಇಲ್ಲ. ನಿನ್ನ ಭಾವ ಹೊಲಕ್ಕ ಹೋಗ್ತಾನ, ನಾ ಬೆಕ್ಕಿನ ಸಂಗಡ ಮಾತಾಡ್ತೀನಿ."

"ನಾ ಒಂದು ವರ್ಷ ಒರಳಿನ ಸಂಗಡ ಆಡಿಲ್ಲೇನು? ಅತ್ತಿ ಒಂಬತ್ತ ದಿನಕ್ಕ ಹೋದಾಗ ನಂಗ ಹೆಂಗಾಗಿರಬೇಕು? ಗಡಗಿ ಅಡಕಲು ಕಂಡು ಹೋದ್ಲು ಅಂತ ಈ ಹಲಗಿ ಹೊಡಿಸಿದೆ."

ಮುದುಕಮ್ಮ ಎಲೆ ಬಾಯಿಗಿಡುವುದನ್ನು ನಿಲ್ಲಿಸಿದಳು. "ಗಡಗಿ ಕಂಡು ಯಾರು ಹೋದ್ರು? ನಾ ನನ್ನತ್ತಿ ಮನ್ಯಾಗ ಹತ್ತು ಗಡಗಿ ಅಡಕಲು ಇಳಿಸೀನಿ."

"ಮತ್ಯಾಕ ಹೋದಿ?"

"ನೀ ಕೆಲಸ ಮಾಡಗೊಟ್ಟೇನು? ನಿಂತ್ರ 'ಕೂಡು ಅತ್ತಿ', ಕುಂತ್ರ 'ಮಲಗು ಅತ್ತಿ' ಅಂತಿದ್ದಿ. ಮನ್ಯಾಗಿನ ಕಂಬದ ಹಂಗ ಆಗಿದ್ದೆ. ಅಮರಿ ಬೈದರೂ ಕೈಯಾಗ ಸೌಟು ಕೊಡ್ತಿದ್ಲು." ಎಲೆ ಬಾಯಿಗಿಟ್ಟು ಜಗಿದಳು. "ಈ ಸಲ ನೀ ಹಲಗಿ ತೋರಿಸ್ಕೋತ ಬಾಗಿಲಾಗ ನಿಂತಿ, ಒಗ್ಗರಣಿ ನನ್ನ ಕೈಗೆ ಬಂತು. ಅದಕ್ಕ ಎಂಟು ದಿನ ಹೊತ್ತು ಹೋಗಿದ್ದು ತಿಳೀಲಿಲ್ಲ."

"ಮತ್ತ ಮುಂಜಾನಿ ಸೀರಿ ಮಡಚಾಕತ್ತಿದ್ದಿ."

"ಒಗದ ಸೀರಿ ಮಡಚಬಾರದೇನು?"

ಹಲಗೆಯ ಕೆಳಗೆ ಸೂಗಮ್ಮನಿಗೆ ನಗು ಬಂತು. ಅವಳು ನಕ್ಕರೆ ಹಲಗೆ ಕುಣಿಯುತ್ತಿತ್ತು, ಆಚೆ ಅಮರಮ್ಮ ಗೂಟದ ಸಂಗಡ ಮೇಲೆ ಕೆಳಗೆ ಆಗುತ್ತಿದ್ದಳು. "ನಗಬ್ಯಾಡಲೇ ಸೂಗಿ, ನನ್ನ ಕಾಲು ನೆಲ ಬಿಟ್ಟಾವ," ಎಂದು ಹೇಳುತ್ತ ಅವಳೂ ನಕ್ಕಳು.

ಅಷ್ಟಾದ ಮೇಲೆ ಮುದುಕಮ್ಮ ಎದ್ದು ಜಾಡಿಗಳನ್ನು ಇಳಿಸಿದಳು, ಕುಡಿಕೆಗಳನ್ನು ಒಂದೊಂದಾಗಿ ನೆಲಕ್ಕಿಟ್ಟಳು. ಅರಿಶಿಣದ್ದು ಒಂದು ಒಡೆದಿತ್ತು, ಅಷ್ಟೇ.

ಮರುದಿನ ಬಂದ ಜಂಗ್ಲಿಸಾಬ್ ಎರಡೂ ಮನೆಗೆ ಹೋಗಿ ಗೂಟ ನೋಡಿದ, ಗೋಡೆ ತಟ್ಟಿ ನೋಡಿದ.

"ಗೂಟದಾಗ ತಪ್ಪಿಲ್ಲ ತಂಗಿ. ಗೋಡೀನೇ ಸುಳ್ಳು. ಇಷ್ಟು ತೆಳುವು ಇದ್ದದ್ದು ನಂಗ ಹೇಳಬೇಕಿತ್ತಿಲ್ಲ?"

"ಈಗೇನ್ ಮಾಡೂನು ಕಾಕಾ?"

"ಗೂಟ ತುಂಡು ಮಾಡಿದ್ರ ಹಲಗಿ ನಿಲ್ಲೂದಿಲ್ಲ. ನಾಕು ಸಾಲು ಇಟ್ಟಂಗಿ ತಗದು, ಚೌಕಟ್ಟು ಕೂಡ್ರಿಸಿ, ಹಲಗಿ ಗೋಡಿ ಒಳಗೇ ಇಡ್ತೀನಿ. ಎರಡೂ ಕಡಿಂದ ಕೈ ಹಾಕಬೌದು. ಎರಡೂ ಮನಿಯವರು ಹೂಂ ಅಂದ್ರ ಮಾತ್ರ."

ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಹೆಂಡಂದಿರು ಆಗಲೇ ಇಟ್ಟಿಗೆ ಕೀಳಲು ಶುರುಮಾಡಿದ್ದರಿಂದ ಹೂಂ ಅನ್ನುವುದು ಉಳಿದಿರಲಿಲ್ಲ.

ಮೂರನೆಯ ದಿನ ಗೋಡೆಯಲ್ಲಿ ಎತ್ತಿನ ಬಂಡಿಯ ಗಾಲಿಯಷ್ಟು ಅಗಲದ ಚೌಕಟ್ಟು, ಅದರಲ್ಲಿ ಎರಡು ಸಾಲು ಹಲಗೆ. ಸೂಗಮ್ಮ ಈಚೆಯಿಂದ ಕುಡಿಕೆ ಜೋಡಿಸಿದರೆ ಅಮರಮ್ಮ ಆಚೆಯಿಂದ ಅವನ್ನು ಸರಿಸಿ ಬೇರೆಯಾಗಿ ಜೋಡಿಸುತ್ತಿದ್ದಳು.

"ಇಂಗು ಮೆಂತ್ಯದ ಬಾಜೂಕ ಯಾರರ ಇಡ್ತಾರೇನು? ವಾಸನಿ ಹತ್ತತೈತಿ."

"ಅದು ನನ್ನ ಇಂಗು ಅಕ್ಕ. ನೀ ಬೇಕಾದ್ರ ನಿನ್ನ ಐದು ಗೂಡಿನ್ಯಾಗ ಇಡು ನಿಂದು."

"ಅಲ್ಲಿ ಯಾಕ ಇಡ್ಲಿ, ಇಲ್ಲಿ ಕೈಗೆ ಹತ್ತಿರ ಐತಿ."

ಸೂಗಮ್ಮ ಜಗಳ ಬಿಟ್ಟು ಹಿಂದೆ ತಿರುಗಿದಳು. ಮುದುಕಮ್ಮ ಒಲೆಯ ಮುಂದೆ ಸೌಟು ಹಿಡಿದು ಕೂತಿದ್ದಳು. ಇಷ್ಟು ದಿನ ಕೇಳಲು ಹೆದರಿದ್ದನ್ನು ಈಗ ಕೇಳಿಯೇಬಿಟ್ಟಳು.

"ಅತ್ತಿ, ದಸರಾತನಕ ಇರ್ತೀಯಿಲ್ಲ?"

ಮುದುಕಮ್ಮ ಸಾರು ರುಚಿ ನೋಡಿ, ಸೌಟಿನಿಂದಲೇ ಚೌಕಟ್ಟಿನ ಕಡೆಗೆ ತೋರಿಸಿದಳು.

"ಆ ಅಜಿವಾನದ ಕುಡಿಕಿ ಮ್ಯಾಲ ಇಡಬ್ಯಾಡ. ಕೆಳಗಿನ ಸಾಲಿಗೆ, ಈ ಕಡೆ ತುದಿಗೆ ಇಡು. ಮಳಿಗಾಲ ಬಂತಂದ್ರ ನಂಗ ಹೊಟ್ಟಿ ನೋಯ್ತೈತಿ, ದಿನಾ ತಗೊಳ್ಳಾಕ ಬೇಕು."